ಮಗಳಿಗೆ ಮುದ್ದು, ಕುರಿಗಳಿಗೆ ಯಮ: ಮನೆನಾಯಿ ಬೇಟೆಗಿಳಿದರೆ ಏನು ಮಾಡೋದು?

ಪ್ರಶ್ನೆ: ನಮ್ಮ ಕೆಂಚನಿಗೆ ಮೂರೂವರೆ ವರ್ಷ. ಮರಿಯಾಗಿದ್ದಾಗಿನಿಂದ ಮನೆಯಲ್ಲೇ ಬೆಳೆದವನು. ಏಳು ವರ್ಷದ ಮಗಳು ಕಿವಿ ಹಿಡಿದು ಎಳೆದರೂ ಸುಮ್ಮನಿರುತ್ತಾನೆ. ಆದರೆ ಹೋದ ವರ್ಷದಿಂದ ಕೋಳಿ ಹಿಡಿಯಲು ಶುರು ಮಾಡಿದ. ಒಂದು ದಿನ ಗೂಡಿನ ಬಾಗಿಲು ತೆರೆದಿತ್ತು. ಒಳಗೆ ನುಗ್ಗಿ 9 ಕೋಳಿ ಕೊಂದ, ಒಂದನ್ನೂ ತಿನ್ನಲಿಲ್ಲ. ಹೊಡೆದೆವು. ಸತ್ತ ಕೋಳಿಯನ್ನು ಎರಡು ದಿನ ಕೊರಳಿಗೆ ಕಟ್ಟಿದೆವು. ಏನೂ ಬದಲಾಗಲಿಲ್ಲ. ಕಳೆದ ವಾರ ಪಕ್ಕದವರ ಜಮೀನಿನಲ್ಲಿ ಒಂದು ಕುರಿಮರಿ ಕೊಂದು, ಇನ್ನೊಂದು ಕುರಿಯ ತೊಡೆ ಕಚ್ಚಿದ್ದಾನೆ. ಗೇಟು ಹಾಕಿಯೇ ಇರುತ್ತದೆ, ಎಲ್ಲಿಂದ ಹೋಗುತ್ತಾನೋ ಗೊತ್ತಿಲ್ಲ. ಎಲ್ಲಾದರೂ ದೂರ ಬಿಟ್ಟು ಬಾ ಅನ್ನುತ್ತಾರೆ ಮನೆಯಲ್ಲಿ. ಮಗಳು ಅಳುತ್ತಾಳೆ. ರಕ್ತದ ರುಚಿ ಹತ್ತಿದ ನಾಯಿ ಸರಿಹೋಗುತ್ತದಾ? ನಾಳೆ ಮಗಳನ್ನೇ ಕಚ್ಚಿದರೆ?

ಉತ್ತರ: ಕೆಂಚನ ವಿಷಯಕ್ಕೆ ಆಮೇಲೆ ಬರೋಣ. ತೊಡೆ ಕಚ್ಚಿಸಿಕೊಂಡ ಆ ಕುರಿಯನ್ನು ಪಶುವೈದ್ಯರಿಗೆ ತೋರಿಸಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ತೋರಿಸಿಲ್ಲ ಅಂದರೆ ಇದನ್ನು ಓದುವುದು ಬಿಟ್ಟು ಮೊದಲು ಆ ಕೆಲಸ ಮುಗಿಸಿ ಬನ್ನಿ.

ಕುರಿಯ ಗಾಯ ಮೋಸ ಮಾಡುತ್ತದೆ. ಮೇಲಿನಿಂದ ನೋಡಿದರೆ ಉಣ್ಣೆ ಒಂದಿಷ್ಟು ಒದ್ದೆಯಾಗಿ ಅಂಟಿಕೊಂಡಿರುತ್ತದೆ, ಅಷ್ಟೇ. ಕತ್ತರಿ ಹಿಡಿದು ಉಣ್ಣೆ ತೆಗೆದಾಗ ನಾಲ್ಕು ಸಣ್ಣ ತೂತು ಕಾಣುತ್ತವೆ, ಪೆನ್ಸಿಲ್ ಮೊನೆ ಚುಚ್ಚಿದ ಹಾಗೆ. ಇಷ್ಟೇನಾ ಅಂದುಕೊಂಡು ಬೆರಳಿಟ್ಟು ಒತ್ತಿದರೆ ಚರ್ಮ ಒಳಗಿನ ಮಾಂಸದಿಂದ ಬಿಟ್ಟುಕೊಂಡು ಚೀಲದ ಹಾಗೆ ಜಾರುತ್ತದೆ. ನಾಯಿ ಸುಮ್ನೆ ಕಚ್ಚಿ ಬಿಡುವುದಿಲ್ಲ, ಹಿಡಿದು ಕೊಡವುತ್ತದೆ. ಹೊರಗೆ ತೂತು, ಒಳಗೆಲ್ಲ ಜಜ್ಜಿಹೋಗಿರುತ್ತದೆ. ಅಲ್ಲಿ ಕೀವು ಕಟ್ಟುತ್ತದೆ, ನೊಣ ಕೂತು ಹುಳ ಬೀಳುತ್ತದೆ. ಧನುರ್ವಾಯುವಿನ ಭಯ ಕುರಿ ಮೇಕೆಗಳಿಗೆ ಜಾಸ್ತಿ. ಗಾಯ ತೊಳೆದು ಅರಿಶಿನವೋ ಮುಲಾಮೋ ಹಚ್ಚಿ ಬಿಟ್ಟರೆ ಸಾಲದು. ಆ್ಯಂಟಿಬಯಾಟಿಕ್, ನೋವಿನ ಔಷಧ, ಧನುರ್ವಾಯು ಇಂಜೆಕ್ಷನ್ ಇವೆಲ್ಲ ಬೇಕಾಗಬಹುದು. ಹಿಂಡಿನಲ್ಲಿ ಗಬ್ಬದ ಕುರಿಗಳಿದ್ದರೆ ಅವುಗಳ ಮೇಲೂ ಕಣ್ಣಿಡಲು ಹೇಳಿ. ಒಂದು ಹಲ್ಲೂ ತಾಗದೆ, ಬರೀ ಓಡಿಸಿಕೊಂಡು ಹೋದ ಗಾಬರಿಗೇ ಕುರಿ ಕಂದು ಹಾಕುವುದುಂಟು. ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುವುದೂ ಉಂಟು.

ಕೆಂಚನಿಗೆ ರೇಬೀಸ್ ಲಸಿಕೆ ಆಗಿದೆಯಾ ಅನ್ನುವುದನ್ನೂ ನೀವು ಬರೆದಿಲ್ಲ. ವರ್ಷದಿಂದ ಇದೇ ಚಾಳಿ ಇರುವುದರಿಂದ ನನಗೆ ರೇಬೀಸ್ ಅನುಮಾನ ಬರುತ್ತಿಲ್ಲ. ಆದರೂ ಲಸಿಕೆ ತಪ್ಪಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಕಚ್ಚಿದ ದಿನದಿಂದ 10 ದಿನ ನಾಯಿಯನ್ನು ಕಟ್ಟಿ ಗಮನಿಸಬೇಕು. ಕಚ್ಚಿಸಿಕೊಂಡ ಕುರಿಗೂ ಲಸಿಕೆ ಬೇಕಾ ಅಂತ ಅವರು ತೀರ್ಮಾನಿಸುತ್ತಾರೆ. ಯಾವತ್ತೂ ಯಾರ ತಂಟೆಗೂ ಹೋಗದ ನಾಯಿ ಇದ್ದಕ್ಕಿದ್ದಂತೆ ಸಿಕ್ಕಿದ್ದನ್ನೆಲ್ಲ ಕಚ್ಚಲು ಶುರು ಮಾಡಿದರೆ ಅದು ಬೇರೆಯೇ ವಿಷಯ. ಆಗ ತರಬೇತಿಯ ಮಾತು ಎತ್ತದೆ ಮೊದಲು ವೈದ್ಯರ ಹತ್ತಿರ ಹೋಗಬೇಕು.

ಪಕ್ಕದವರ ಹತ್ತಿರ ನೀವೇ ಹೋಗಿ. ಅವರು ಬಂದು ಕೂಗಾಡುವವರೆಗೆ ಕಾಯಬೇಡಿ. ಮರಿಯ ಬೆಲೆ, ಕುರಿಯ ಚಿಕಿತ್ಸೆಯ ಖರ್ಚು ಎರಡನ್ನೂ ಕೊಡಿ. ಇನ್ನು ಮುಂದೆ ನಾಯಿ ಹೊರಗೆ ಬರದ ಹಾಗೆ ಏನು ಮಾಡುತ್ತಿದ್ದೀರಿ ಅಂತಲೂ ಹೇಳಿ. ಎಷ್ಟೋ ಕಡೆ ಇಂಥ ನಷ್ಟಕ್ಕೆ ಕಾನೂನೇ ನಾಯಿಯ ಯಜಮಾನನನ್ನು ಹೊಣೆ ಮಾಡುತ್ತದೆ. ಕಾನೂನು ಬಿಡಿ. ಕುರಿ ಕಳೆದುಕೊಂಡವರಿಗೆ ನಿಮ್ಮ ಕೆಂಚ ಎಷ್ಟು ಮುದ್ದು ಅನ್ನೋದು ಬೇಕಾಗಿಲ್ಲ. ಅವರ ಮುಂದೆ ಆ ಮಾತನ್ನೇ ಆಡಬೇಡಿ.

ಈಗ ಕೆಂಚ. ನಿಮ್ಮ ಪತ್ರದ ತುಂಬ ಒಂದೇ ಗೊಂದಲ ಇದೆ: ಇಷ್ಟು ಸಾಧು ನಾಯಿ ಇಷ್ಟು ಕ್ರೂರ ಹೇಗಾಯಿತು ಅಂತ. ಆ ಗೊಂದಲ ಹೋಗಬೇಕು ಅಂದರೆ ಸಿಟ್ಟು ಬೇರೆ, ಬೇಟೆ ಬೇರೆ ಅನ್ನುವುದು ತಿಳಿಯಬೇಕು. ಸಿಟ್ಟು ಬಂದ ನಾಯಿ ಗುರ್ ಅನ್ನುತ್ತದೆ, ಹಲ್ಲು ತೋರಿಸುತ್ತದೆ, ಬೆನ್ನಿನ ಕೂದಲು ನಿಮಿರುತ್ತದೆ. ದೂರ ಹೋಗು ಅಂತ ಎದುರಿನವರಿಗೆ ಹೇಳುವುದೇ ಅದರ ಉದ್ದೇಶ. ಬೇಟೆಯಲ್ಲಿ ಇದ್ಯಾವುದೂ ಇಲ್ಲ. ಕೆಂಚ ಕೋಳಿಯನ್ನು ನೋಡುವಾಗ ಒಂದು ಸಲ ಗಮನಿಸಿ. ತೆರೆದಿದ್ದ ಬಾಯಿ ಮುಚ್ಚುತ್ತದೆ. ಕಿವಿ ಮುಂದಕ್ಕೆ ಬರುತ್ತದೆ. ಬಾಲ ಅಲ್ಲಾಡುವುದು ನಿಲ್ಲುತ್ತದೆ. ಮುಂಗಾಲು ಒಂದು ಸ್ವಲ್ಪ ಮೇಲಕ್ಕೆದ್ದು ಗಾಳಿಯಲ್ಲೇ ನಿಲ್ಲುತ್ತದೆ. ಉಸಿರೇ ಇಲ್ಲವೇನೋ ಅನ್ನುವಷ್ಟು ಸ್ತಬ್ಧ. ಒಂದೆರಡು ಸೆಕೆಂಡು, ಅಷ್ಟರಲ್ಲಿ ಹೋಗಿಬಿಟ್ಟಿರುತ್ತಾನೆ. ಬೊಗಳುವುದಿಲ್ಲ, ಗುರುಗುಟ್ಟುವುದಿಲ್ಲ. ಕೋಳಿಯ ಮೇಲೆ ಅವನಿಗೆ ಯಾವ ಸಿಟ್ಟೂ ಇಲ್ಲ. ಮಗಳು ಚೆಂಡು ಎಸೆದಾಗ ಅವನಿಗೆ ಆಗುವ ಖುಷಿಯ ಹತ್ತಿರದ ನೆಂಟ ಇದು.

ನಾಯಿಯ ನಡವಳಿಕೆ ಓದಿದವರು ಇದನ್ನು ಸರಪಳಿಯ ಕೊಂಡಿಗಳ ಹಾಗೆ ವಿವರಿಸುತ್ತಾರೆ: ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಸೀಳುವುದು, ತಿನ್ನುವುದು. ಅಮೆರಿಕದ ಜೀವವಿಜ್ಞಾನಿ ರೇಮಂಡ್ ಕಾಪಿಂಜರ್ ಈ ಕೊಂಡಿಗಳನ್ನಿಟ್ಟುಕೊಂಡೇ ನಾಯಿ ತಳಿಗಳ ವ್ಯತ್ಯಾಸ ತೋರಿಸಿದವರು. ಬಾರ್ಡರ್ ಕಾಲಿಯಂಥ ಕುರಿ ಅಟ್ಟುವ ತಳಿಯಲ್ಲಿ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು ಜೋರಾಗಿರುತ್ತದೆ. ಕೊಲ್ಲುವ ಕೊಂಡಿಯನ್ನು ಮನುಷ್ಯರು ತಲೆಮಾರುಗಟ್ಟಲೆ ಆರಿಸಿ ಆರಿಸಿ ಮೆತ್ತಗೆ ಮಾಡಿದ್ದಾರೆ. ಕುರಿ ಕಾಯುವ ದೊಡ್ಡ ತಳಿಗಳಲ್ಲಿ ಇಡೀ ಸರಪಳಿಯೇ ಸಡಿಲ. ಟೆರಿಯರ್ ತಳಿಗಳಲ್ಲಿ ಹಿಡಿದು ಕೊಡವಿ ಕೊಲ್ಲುವ ಕೊಂಡಿ ಗಟ್ಟಿ, ಯಾಕೆಂದರೆ ಇಲಿ ಹೆಗ್ಗಣ ಹಿಡಿಯಲೆಂದೇ ಅವನ್ನು ಸಾಕಿದ್ದು. ನಿಮ್ಮ ಕೆಂಚನಲ್ಲಿ ತಿನ್ನುವ ಕೊಂಡಿ ಬಿಟ್ಟು ಉಳಿದದ್ದೆಲ್ಲ ಸರಿಯಾಗಿಯೇ ಇದೆ. ಮನೆಯಲ್ಲಿ ಹೊಟ್ಟೆ ತುಂಬ ಸಿಗುವಾಗ ತಿನ್ನುವ ಅಗತ್ಯ ಏನು? ಹೊಟ್ಟೆ ತುಂಬಿಸಿದರೆ ಬೇಟೆ ಬಿಡುತ್ತದೆ ಅನ್ನುವುದು ಅದಕ್ಕೇ ಸುಳ್ಳು.

9 ಕೋಳಿ ಯಾಕೆ, ಒಂದು ಸಾಕಿತ್ತಲ್ವಾ ಅಂತ ಅನಿಸಬಹುದು. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಓಡಿ ಹೋಗಿರುತ್ತವೆ. ಅಟ್ಟಲು ಮತ್ತೇನೂ ಇರುವುದಿಲ್ಲ, ಆಟ ಅಲ್ಲಿಗೆ ಮುಗಿಯುತ್ತದೆ. ಗೂಡಿನೊಳಗೆ ಹಾಗಲ್ಲ. ಒಂದು ಸತ್ತರೂ ಉಳಿದ ಎಂಟು ಅವನ ಮೂಗಿನ ಮುಂದೆಯೇ ರೆಕ್ಕೆ ಬಡಿಯುತ್ತಾ ಕಿರುಚುತ್ತಿರುತ್ತವೆ. ಪ್ರತಿ ಬಡಿತವೂ ಸರಪಳಿಯನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ನರಿಗಳೂ ಹೀಗೇ ಮಾಡುತ್ತವೆ. ಹಾನ್ಸ್ ಕ್ರೂಕ್ ಅನ್ನುವ ಪ್ರಾಣಿವಿಜ್ಞಾನಿ 1972ರಲ್ಲೇ ಇಂಥ ‘ಬೇಕಾದ್ದಕ್ಕಿಂತ ಹೆಚ್ಚು ಕೊಲ್ಲುವ’ ನಡವಳಿಕೆಯ ಬಗ್ಗೆ ಬರೆದಿದ್ದರು.

ರಕ್ತದ ರುಚಿ ಅನ್ನುವ ಮಾತನ್ನು ಬಿಟ್ಟುಬಿಡಿ. ರುಚಿ ಹತ್ತಿರುವುದು ಓಟದ್ದು. ತನ್ನ ಮುಂದೆ ಒಂದು ಜೀವ ಓಡುವಾಗ ನಾಯಿಯ ಮೆದುಳಿಗೆ ಸಿಗುವ ಖುಷಿ ಇದೆಯಲ್ಲ, ನೀವು ಕೈಯಲ್ಲಿ ಹಿಡಿದ ಬಿಸ್ಕತ್ತು ಅದರ ಮುಂದೆ ಏನೇನೂ ಅಲ್ಲ. ಒಂದೊಂದು ಸಲ ಅಟ್ಟಿಸಿಕೊಂಡು ಹೋದಾಗಲೂ ಅವನಿಗೆ ಕೂಲಿ ಸಿಕ್ಕ ಹಾಗೆ. ಹಾಗಾಗಿ ನಿಮ್ಮ ಮೊದಲ ಕೆಲಸ ಅವನಿಗೆ ಪಾಠ ಹೇಳುವುದಲ್ಲ, ಆ ಕೂಲಿ ನಿಲ್ಲಿಸುವುದು. ಇವತ್ತಿನಿಂದ ಒಂದು ಸಲವೂ, ಆಟಕ್ಕೂ, ಅವನು ಒಂದು ಕೋಳಿಯನ್ನೂ ಅಟ್ಟಬಾರದು.

ಮಗಳ ಬಗ್ಗೆ ಕೇಳಿದ್ದೀರಿ. ಕುರಿ ಕೊಂದ ನಾಯಿ ಮುಂದೆ ಮನುಷ್ಯರನ್ನು ಕಚ್ಚುತ್ತದೆ ಅನ್ನುವ ಲೆಕ್ಕ ಇಲ್ಲ. ಅವನಿಗೆ ಮಗಳು ಮನೆಯವಳು, ಬೇಟೆಯಲ್ಲ. ಹಾಗಂತ ಪೂರ್ತಿ ನಿಶ್ಚಿಂತೆಯಿಂದ ಇರಿ ಅಂತಲೂ ಹೇಳಲಾರೆ. ಬೇಟೆಯ ಸ್ವಭಾವ ಜೋರಿರುವ ನಾಯಿಯ ಹತ್ತಿರ ಎಳೆಗೂಸನ್ನು ಒಂಟಿಯಾಗಿ ಬಿಡಬಾರದು. ಬೆಕ್ಕು, ಮೊಲ, ಪುಟ್ಟ ನಾಯಿಮರಿಗಳನ್ನೂ ಅಷ್ಟೇ. ಕಿರುಚುತ್ತಾ ಓಡುವ ಮಕ್ಕಳ ಗುಂಪಿನ ನಡುವೆ ಅವನನ್ನು ಬಿಡಬೇಡಿ. ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಕಿವಿ ಎಳೆದರೂ ಸುಮ್ಮನಿರುತ್ತಾನೆ ಅನ್ನುವುದು ಹೆಮ್ಮೆಯ ವಿಷಯ ಅಲ್ಲ. ಒಂದು ದಿನ ಕಿವಿಯಲ್ಲಿ ಸೋಂಕಾಗಿ ನೋಯುತ್ತಿರುತ್ತದೆ, ಅವತ್ತು ಸುಮ್ಮನಿರುವುದಿಲ್ಲ. ಎಳೆಯಬೇಡ ಅಂತ ಮಗಳಿಗೆ ಹೇಳಿ.

ಹೊಡೆದದ್ದು, ಕೋಳಿ ಕಟ್ಟಿದ್ದು ಯಾಕೆ ಕೆಲಸ ಮಾಡಲಿಲ್ಲ? ನೀವು ನೋಡಿ ಓಡಿ ಬರುವಷ್ಟರಲ್ಲಿ ಅವನ ಕೂಲಿ ಸಿಕ್ಕಿ ಆಗಿತ್ತು. ಆಮೇಲೆ ಬಿದ್ದ ಪೆಟ್ಟನ್ನು ಅವನು ಕೋಳಿಗೆ ಜೋಡಿಸುವುದಿಲ್ಲ, ನಿಮಗೆ ಜೋಡಿಸುತ್ತಾನೆ. ‘ಇಲ್ಲ ಡಾಕ್ಟ್ರೇ, ಅವನಿಗೆ ತಪ್ಪು ಗೊತ್ತಾಗಿತ್ತು, ಬಾಲ ಮುದುರಿ ಮೂಲೆ ಸೇರಿದ್ದ’ ಅಂತ ಎಲ್ಲರೂ ಹೇಳುತ್ತಾರೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಆ ‘ತಪ್ಪಿತಸ್ಥ ಮುಖ’ ಜಾಸ್ತಿ ಕಂಡದ್ದು ಯಜಮಾನರು ಗದರಿದಾಗ. ನಾಯಿ ನಿಜವಾಗಿ ತಪ್ಪು ಮಾಡಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧ ಇರಲಿಲ್ಲ. ಇನ್ನು ಕೊರಳಿಗೆ ಕೊಳೆಯುವ ಕೋಳಿ ಕಟ್ಟುವುದರಿಂದ ನಾಯಿಗೆ ಹೇಸಿಗೆ ಬರುವುದಿಲ್ಲ. ಕೊಳೆತದ್ದರ ಮೇಲೆ ಉರುಳಾಡಿ ಖುಷಿಪಡುವ ಪ್ರಾಣಿ ಅದು. ವಾಸನೆ ತಡೆಯಲಾಗದೆ ಎರಡು ದಿನ ಕಷ್ಟಪಟ್ಟವರು ನೀವೇ ಇರಬೇಕು.

ಶಾಕ್ ಕೊಡುವ ಕಾಲರ್ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೆಲವು ನಾಯಿಗಳು ಓಟದ ಗುಂಗಿನಲ್ಲಿ ಶಾಕ್ ಲೆಕ್ಕಕ್ಕೇ ಇಡುವುದಿಲ್ಲ. ಕೆಲವು ನೋವಾದ ಕ್ಷಣದಲ್ಲಿ ಪಕ್ಕದಲ್ಲಿದ್ದವರಿಗೆ, ಅದು ನಿಮ್ಮ ಮಗಳೇ ಇರಬಹುದು, ಬಾಯಿ ಹಾಕುತ್ತವೆ. ವೇಲ್ಸ್ ದೇಶ ಇಂಥ ಕಾಲರ್‌ಗಳನ್ನು 2010ರಲ್ಲೇ ನಿಷೇಧಿಸಿತು.

ಹಾಗಾದರೆ ದಾರಿ ಏನು? ನನ್ನದೇ ಒಂದು ಕಥೆ ಹೇಳುತ್ತೇನೆ, ಆಗ ಬೇಲಿಯ ಬಗ್ಗೆ ಯಾಕೆ ಇಷ್ಟು ಕೊರೆಯುತ್ತೇನೆ ಅನ್ನುವುದು ಗೊತ್ತಾಗುತ್ತದೆ. ನನ್ನ ಹತ್ತಿರ ಗುಂಡ ಅಂತ ಒಂದು ನಾಯಿ ಇತ್ತು. ಬಾತುಕೋಳಿ ಕಂಡರೆ ಸಾಕು. ಎಂಟು ತಿಂಗಳು ಕೂತು ತರಬೇತಿ ಕೊಟ್ಟೆ. ಕೊನೆಕೊನೆಗೆ ನನ್ನ ಜತೆ ಬಾತುಗಳ ಮಧ್ಯದಲ್ಲೇ ನಡೆದು ಹೋಗುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ. ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದೆ. ಒಂದು ಬೆಳಗ್ಗೆ ಒಳಗೆ ಫೋನ್ ಹೊಡೆದುಕೊಂಡಿತು. ಹೋಗಿ ಮಾತಾಡಿ ಬಂದೆ, ಮೂರು ನಿಮಿಷ ಆಗಿರಬಹುದು. ಎರಡು ಬಾತು ಸತ್ತು ಬಿದ್ದಿದ್ದವು. ಗುಂಡ ನನ್ನನ್ನು ನೋಡಿ ಎಂದಿನ ಹಾಗೆ ಬಾಲ ಆಡಿಸಿದ. ಅವನು ಏನೂ ಮರೆತಿರಲಿಲ್ಲ. ನಾನು ಕಲಿಸಿದ್ದು ‘ಇವರು ಇದ್ದಾಗ ಬಾತು ಬೇಡ’ ಅಂತ, ಅವನು ಕಲಿತದ್ದೂ ಅಷ್ಟೇ. ನೀವು ಪಕ್ಕದಲ್ಲಿದ್ದಾಗ ತರಬೇತಿ ಕೆಲಸ ಮಾಡುತ್ತದೆ. ನೀವಿಲ್ಲದಾಗ ಕಾಯುವುದು ಬೇಲಿ ಮಾತ್ರ.

ಬೇಲಿ ಎರಡು ಕಡೆ ಬೇಕು. ಕೆಂಚ ಇರುವ ಅಂಗಳಕ್ಕೆ ಒಂದು, ಕೋಳಿಗೂಡಿಗೆ ಇನ್ನೊಂದು. ಒಂದರಲ್ಲಿ ಬಾಗಿಲು ಹಾಕುವುದು ಮರೆತರೂ ಇನ್ನೊಂದು ಇರಲಿ ಅಂತ. ಮರೆಯುತ್ತೀರಿ, ಎಲ್ಲರೂ ಮರೆಯುತ್ತಾರೆ. ಅಂಗಳದ ಬೇಲಿ ಆಳೆತ್ತರ ಇರಲಿ, 6 ಅಡಿ ಇದ್ದರೆ ಒಳ್ಳೆಯದು. ಜಿಗಿಯುವುದಕ್ಕಿಂತ ಅಡಿಯಿಂದ ತೋಡಿಕೊಂಡು ಹೋಗುವ ನಾಯಿಗಳೇ ಜಾಸ್ತಿ. ಅದಕ್ಕೆ ಗುಂಡಿ ತೋಡಿ ಗೋಡೆ ಕಟ್ಟಬೇಕಾಗಿಲ್ಲ. ಬೇಲಿಯ ಬುಡದಿಂದ ನಾಯಿ ಇರುವ ಕಡೆಗೆ ಒಂದೂವರೆ ಎರಡು ಅಡಿ ಅಗಲದ ಜಾಲರಿಯನ್ನು ನೆಲದ ಮೇಲೆ ಹಾಸಿ, ಗೂಟ ಹೊಡೆದು, ಮೇಲೆ ಮಣ್ಣು ಮುಚ್ಚಿ. ನಾಯಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಉಗುರಿಗೆ ಜಾಲರಿ ಸಿಗುತ್ತದೆ, ಎರಡು ಹೆಜ್ಜೆ ಹಿಂದೆ ಬಂದು ತೋಡಬೇಕು ಅನ್ನುವುದು ಹೆಚ್ಚಿನ ನಾಯಿಗಳಿಗೆ ಹೊಳೆಯುವುದೇ ಇಲ್ಲ. ಗೂಡಿಗೆ ಆ ತೆಳು ಷಟ್ಕೋನದ ಕೋಳಿಜಾಲರಿ ಸಾಲದು. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬರದಂತೆ ತಡೆಯುವುದಿಲ್ಲ. ಹಲ್ಲಿನಲ್ಲಿ ಹಿಡಿದು ಎಳೆದರೆ ಹರಿದು ಬರುತ್ತದೆ. ವೆಲ್ಡ್ ಮಾಡಿದ ಗಟ್ಟಿ ಜಾಲರಿ ಹಾಕಿಸಿ. ಚಿಲಕ ತಾನಾಗಿ ಬೀಳುವಂಥದ್ದಿರಲಿ.

ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುವುದು ಸುಲಭ ಅನಿಸುತ್ತದೆ. ಆದರೆ ಕಣ್ಣಿಗೆ ಕೋಳಿ ಕಾಣುವ ಜಾಗದಲ್ಲಿ ಕಟ್ಟಿದ ನಾಯಿ ದಿನವೆಲ್ಲ ಎಳೆದಾಡಿ, ಬಿಟ್ಟ ಕ್ಷಣ ಬಾಣದ ಹಾಗೆ ಹೋಗುತ್ತದೆ. ಕಟ್ಟಲೇಬೇಕಾದರೆ ಕೋಳಿ ಕಾಣದ ಕಡೆ, ಸ್ವಲ್ಪ ಹೊತ್ತು ಮಾತ್ರ. ಮುಂಜಾನೆ ಮತ್ತು ಮುಸ್ಸಂಜೆ ಹೆಚ್ಚು ಎಚ್ಚರ ಬೇಕಾದ ಹೊತ್ತು. ಪಕ್ಕದ ಬೀದಿಯ ಇನ್ನೊಂದು ನಾಯಿಯ ಜತೆ ಅವನು ಓಡಾಡುತ್ತಿದ್ದರೆ ಆ ಸಹವಾಸವನ್ನೂ ಬಿಡಿಸಿ. ಒಂದೊಂದಾಗಿ ಇದ್ದಾಗ ಸುಮ್ಮನಿರುವ ನಾಯಿಗಳು ಎರಡು ಸೇರಿದರೆ ಬೇರೆಯೇ ಪ್ರಾಣಿಯಾಗುತ್ತವೆ.

ಹೊರಗೆ ಕರೆದುಕೊಂಡು ಹೋಗುವಾಗ ಮೊದಲ ಕೆಲವು ತಿಂಗಳು ಬಾಯಿಗೆ ಕುಕ್ಕೆ ಇರಲಿ. ಬಟ್ಟೆಯದ್ದು ಬೇಡ, ಬಾಯಿ ಬಿಗಿದು ಕಟ್ಟಿದರೆ ನಾಯಿ ತೇಕಲಾಗದೆ ಮೈ ಬಿಸಿ ಏರುತ್ತದೆ. ಬುಟ್ಟಿಯಂಥದ್ದು ತನ್ನಿ, ಅದರಲ್ಲಿ ತೇಕಬಹುದು, ನೀರೂ ಕುಡಿಯಬಹುದು. ಒಳಗೆ ಒಂದು ತುಂಡು ತಿಂಡಿ ಇಟ್ಟು ಅವನೇ ಮೂತಿ ತೂರಿಸುವ ಹಾಗೆ ನಾಲ್ಕೈದು ದಿನ ರೂಢಿ ಮಾಡಿಸಿ, ಆಮೇಲೆ ಬಕಲ್ ಹಾಕಿ. ಆದರೆ ಕುಕ್ಕೆ ಇದೆಯಲ್ಲ ಅಂತ ಹಗ್ಗ ಬಿಡಬೇಡಿ. ಕಚ್ಚದೆಯೇ ಹಿಂಡನ್ನು ಚದುರಿಸಿ ಕೊಲ್ಲಬಹುದು ಅಂತ ಮೊದಲೇ ಹೇಳಿದೆನಲ್ಲ.

ಇನ್ನು ತರಬೇತಿ. 10 ಮೀಟರ್ ಉದ್ದದ ಹಗ್ಗ ತನ್ನಿ. ಕೊರಳ ಬೆಲ್ಟಿಗೆ ಹಾಕದೆ ಎದೆಗೆ ಕಟ್ಟುವ ಪಟ್ಟಿಗೆ ಹಾಕಿ, ಇಲ್ಲವಾದರೆ ಜೋರಾಗಿ ಓಡಿ ಹಗ್ಗದ ಕೊನೆ ಮುಟ್ಟಿದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋಗುತ್ತದೆ. ಕುರಿಗಳು ಚುಕ್ಕೆಯ ಹಾಗೆ ಕಾಣುವಷ್ಟು ದೂರದಲ್ಲಿ ನಿಲ್ಲಿ. ಕೆಂಚನಿಗೆ ಇಷ್ಟವಾದ ಮಾಂಸದ ತುಂಡನ್ನು ಕುಕ್ಕೆಯ ಸಂದಿಯಿಂದ ಕೊಡಿ. ತಿಂದನೋ, ದೂರ ಸರಿಯಾಗಿದೆ. ಮೂಸಿಯೂ ನೋಡದೆ ಕುರಿಯನ್ನೇ ದಿಟ್ಟಿಸುತ್ತಿದ್ದಾನೋ, ತುಂಬಾ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಈ ಒಂದು ಗುರುತು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಅವನು ಕುರಿಯನ್ನು ನೋಡುತ್ತಾನೆ, ನೋಡಲಿ. ಬಾಯಿ ಮುಚ್ಚಿ ಮುಂಗಾಲು ಎತ್ತುವ ಮೊದಲೇ ಹೆಸರು ಕರೆಯಿರಿ. ತಿರುಗಿದ ತಕ್ಷಣ ತುಂಡು ಕೊಡಿ. ಹತ್ತು ನಿಮಿಷ ಸಾಕು, ಮನೆಗೆ ಬನ್ನಿ. ವಾರ ಕಳೆದ ಮೇಲೆ ನಾಲ್ಕು ಹೆಜ್ಜೆ ಹತ್ತಿರ. ಒಂದು ದಿನ ನೀವು ಕರೆಯದೆಯೇ ಅವನು ಕುರಿ ನೋಡಿ, ತಾನಾಗಿ ನಿಮ್ಮ ಕಡೆ ತಿರುಗುತ್ತಾನೆ. ಆ ಕ್ಷಣಕ್ಕೆ ಜೇಬಿನಲ್ಲಿದ್ದದ್ದೆಲ್ಲ ಕೊಟ್ಟುಬಿಡಿ.

ಇದಕ್ಕೆ ತಿಂಗಳುಗಟ್ಟಲೆ ಬೇಕು. ಜತೆಗೆ ಅವನ ಬೇಟೆಯ ಆಸೆಗೂ ಒಂದು ದಾರಿ ಕೊಡಿ. ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಚಿಂದಿ ಬಟ್ಟೆ ಕಟ್ಟಿ ನೆಲದ ಮೇಲೆ ಎಳೆದಾಡಿಸಿ. ಅಟ್ಟಲಿ, ಹಿಡಿಯಲಿ, ಕೊಡವಲಿ. ನೀವು ಹೇಳಿದಾಗ ಶುರು, ಹೇಳಿದಾಗ ನಿಲ್ಲಬೇಕು. ಊಟವನ್ನು ತಟ್ಟೆಗೆ ಹಾಕುವ ಬದಲು ಹುಲ್ಲಿನಲ್ಲಿ ಚೆಲ್ಲಿ ಮೂಸಿ ಹುಡುಕಲು ಬಿಡಿ. ಬರೀ ಮೈಲುಗಟ್ಟಲೆ ಓಡಿಸಿ ಸುಸ್ತು ಮಾಡಿದರೆ ಬಿಡುತ್ತಾನೆ ಅಂದುಕೊಳ್ಳಬೇಡಿ. ಇನ್ನಷ್ಟು ದಮ್ಮಿರುವ ಬೇಟೆಗಾರ ತಯಾರಾಗುತ್ತಾನೆ, ಅಷ್ಟೇ. ಬೀಜ ತೆಗೆಸಿದರೂ ಅಲೆದಾಟ ಕಡಿಮೆಯಾಗಬಹುದು, ಬೇಟೆ ಹೋಗುವುದಿಲ್ಲ.

ಸತ್ತ ಕುರಿ ಕೋಳಿಯ ಹಸಿ ಕರುಳು, ಶ್ವಾಸಕೋಶ, ಯಕೃತ್ತನ್ನು ಅವನಿಗೆ ಹಾಕಬೇಡಿ. ಕುರಿಯ ಅಂಗಗಳಿಂದ ನಾಯಿಗೆ, ನಾಯಿಯ ಮಲದಿಂದ ಮನುಷ್ಯರಿಗೆ ಬರುವ ಹೈಡಾಟಿಡ್ ಅನ್ನುವ ಲಾಡಿಹುಳದ ರೋಗ ಇದೆ. ಹುಳದ ಔಷಧವನ್ನು ವೈದ್ಯರು ಹೇಳಿದ ಅಂತರದಲ್ಲಿ ತಪ್ಪದೆ ಕೊಡಿ.

ದೂರ ಬಿಟ್ಟು ಬರುವ ಮಾತು. ದಯವಿಟ್ಟು ಬೇಡ. ಹೊಸ ಜಾಗದಲ್ಲಿ ಹಸಿದ ಕೆಂಚ ಮೊದಲು ಹುಡುಕುವುದು ಇನ್ನೊಬ್ಬರ ಕುರಿಯನ್ನೇ. ಅವನ ಕಥೆ ಅಲ್ಲಿ ಕಲ್ಲಿನಿಂದಲೋ ವಿಷದಿಂದಲೋ ಮುಗಿಯುತ್ತದೆ. ನಿಮ್ಮಿಂದ ಬೇಲಿ ಕಟ್ಟಲು ಆಗುವುದೇ ಇಲ್ಲ, ಅಥವಾ ಮನೆಯಲ್ಲಿ ಬಾಗಿಲು ಹಾಕುವ ಶಿಸ್ತು ಬರುವುದೇ ಇಲ್ಲ ಅಂದರೆ, ಕೋಳಿ ಕುರಿ ಸುತ್ತಮುತ್ತ ಇಲ್ಲದ ಮನೆ ಹುಡುಕಿ ಕೊಡಿ. ಕೊಡುವಾಗ ನಡೆದದ್ದೆಲ್ಲ ಹೇಳಿ ಕೊಡಿ. ಎಷ್ಟೋ ಬೇಟೆ ನಾಯಿಗಳು ಅಂಥ ಮನೆಯಲ್ಲಿ ಸೋಫಾದ ಮೇಲೆ ಮಲಗಿ ಸುಖವಾಗಿ ಮುದಿಯಾಗಿವೆ. ಅದೂ ಸಾಧ್ಯವಿಲ್ಲ, ನಾಯಿ ಪದೇ ಪದೇ ತಪ್ಪಿಸಿಕೊಂಡು ಕೊಲ್ಲುತ್ತಿದೆ ಅನ್ನುವ ಸ್ಥಿತಿಯಲ್ಲಿ ನೋವಿಲ್ಲದ ಸಾವಿನ ಬಗ್ಗೆ ವೈದ್ಯರ ಜತೆ ಮಾತಾಡಿದವರನ್ನು ನಾನು ಯಾವತ್ತೂ ತಪ್ಪು ಅಂದಿಲ್ಲ. ನೀವು ಆ ಹಂತದ ಹತ್ತಿರಕ್ಕೂ ಬಂದಿಲ್ಲ. ನೀವಿನ್ನೂ ಬೇಲಿಯನ್ನೇ ಹಾಕಿಲ್ಲ.

ಮುಂದೆ ಎಂದಾದರೂ ಅವನನ್ನು ಕೋಳಿಗಳ ಜತೆ ಬಿಡಬಹುದಾ ಅಂತ ಕೇಳಿದರೆ, ನೀವಿಲ್ಲದಾಗ ಇಲ್ಲ, ಯಾವತ್ತೂ ಇಲ್ಲ. ಮರಿಯಾಗಿದ್ದಾಗ, 3ರಿಂದ 12 ವಾರದ ಒಳಗೆ, ಕುರಿ ಕೋಳಿಗಳ ನಡುವೆ ಬೆಳೆದಿದ್ದರೆ ಕಥೆ ಬೇರೆ ಇರುತ್ತಿತ್ತೇನೋ. ಮುಂದಿನ ಮರಿ ತರುವಾಗ ಅದು ನೆನಪಿರಲಿ.

ಎಲ್ಲಿಂದ ಹೋಗುತ್ತಾನೋ ಗೊತ್ತಿಲ್ಲ ಅಂದಿದ್ದಿರಿ. ನಾಳೆ ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಮಗಳನ್ನು ಕರೆದುಕೊಂಡು ಅಂಗಳದ ಸುತ್ತ ಒಂದು ಸುತ್ತು ಬನ್ನಿ. ನಿಂತು ನೋಡಬೇಡಿ, ಮಂಡಿಯೂರಿ ನಾಯಿಯ ಎತ್ತರಕ್ಕೆ ಇಳಿದು ನೋಡಿ. ಗಿಡದ ಮರೆ, ಮೋರಿಯ ಬಾಯಿ, ಗೇಟಿನ ಕೆಳಗಿನ ಸಂದಿ. ಎಲ್ಲೋ ಒಂದು ಕಡೆ ಮಣ್ಣು ನುಣ್ಣಗೆ ಸವೆದಿರುತ್ತದೆ. ಮೇಲಿನ ತಂತಿಯಲ್ಲೋ ಮುಳ್ಳಿನಲ್ಲೋ ನಾಲ್ಕು ಕೆಂಚು ಕೂದಲು ಸಿಕ್ಕಿಕೊಂಡಿರುತ್ತವೆ. ಮೊದಲ ಜಾಲರಿ ಅಲ್ಲಿಗೆ ಹಾಕಿ.